ಚಿಪ್ಪಣಬೆ ಬೆಳೆದು ಉಳಿದ ಹುಲ್ಲಿನಿಂದ ಚರಂಡಿ ನೀರಿನ ಹಾರ್ಮೋನ್ ವಿಷ ತೆಗೆಯಬಹುದಾ?

ಹುಲ್ಲುಮೆದೆ (ಮಂಡ್ಯ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಚಿಪ್ಪಣಬೆ ಬೆಳೆಯೋಳು. ನಮ್ಮದು ವಿ.ಸಿ. ನಾಲೆ ಬಯಲಿನ ಊರು, ಭತ್ತದ ಹುಲ್ಲಿಗೆ ಕೊರತೆ ಇಲ್ಲ. ಮನೆ ಹಿಂದಿನ ಶೆಡ್ಡಲ್ಲಿ ಬ್ಯಾಗು ನೇತುಹಾಕಿ ಬೆಳೀತೀವಿ. ಎರಡು ಮೂರು ಕೊಯ್ಲು ಆದ ಮೇಲೆ ಉಳಿದ ಹುಲ್ಲನ್ನ ತಿಪ್ಪೆಗೆ ಸುರೀತೀವಿ. ತಿಪ್ಪೆ ಆಚೆಗೇ ಒಂದು ಹಳ್ಳ ಇದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅದೇ ಹಳ್ಳದಲ್ಲಿ ಬಟ್ಟೆ ಒಗೀತಿದ್ದೆವು. ಈಗ ಮೇಲುಗಡೆ ಬಡಾವಣೆಗಳ ಚರಂಡಿ ನೀರೆಲ್ಲ ಅದಕ್ಕೇ ಬೀಳ್ತದೆ, ನೊರೆ ಕಟ್ಟಿಕೊಂಡು ಕೆರೆಗೆ ಇಳೀತದೆ. ಆ ಕೆರೆ ನೀರೇ ಗದ್ದೆಗೂ, ದನಕ್ಕೂ, ಮೀನಿಗೂ.

ಮಗಳು ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದ್ತಿದ್ದಾಳೆ. ಈ ಸಲ ಊರಿಗೆ ಬಂದಾಗ ಹೇಳಿದ್ಲು: ಪ್ಲಾಸ್ಟಿಕ್ಕಿಂದ, ಸೋಪಿಂದ ನೀರಿಗೆ ಸೇರೋ ಕೆಲವು ಕೆಮಿಕಲ್ಲು ಮೈಯೊಳಗೆ ಹೋಗಿ ಹಾರ್ಮೋನಿನ ಹಾಗೇ ನಡ್ಕೋತಾವಂತೆ. ಅಣಬೆ ಬೇರು ಬಿಡೋವಾಗ ಲ್ಯಾಕೇಸ್ ಅಂತ ಒಂದು ಎಂಜೈಮ್ ಹೊರಗೆ ಬಿಡ್ತದಂತೆ, ಅದಕ್ಕೆ ಆ ಕೆಮಿಕಲ್ಲನ್ನ ಮುರಿಯೋ ಶಕ್ತಿ ಇದೆಯಂತೆ. "ಅಮ್ಮ, ನೀನು ತಿಪ್ಪೆಗೆ ಎಸೆಯೋ ಹುಲ್ಲಲ್ಲೇ ಅದು ಇದೆ" ಅಂದ್ಲು. ಅವತ್ತಿಂದ ತಿಪ್ಪೆಗೆ ಹುಲ್ಲು ಸುರಿಯೋಕೆ ಮನಸ್ಸೇ ಬರ್ತಿಲ್ಲ.

ಊರಲ್ಲಿ ಹೆಣ್ಣುಮಕ್ಕಳು ಬಲು ಬೇಗ ದೊಡ್ಡವರಾಗ್ತಿದ್ದಾರೆ ಅಂತ ಸಂಘದ ಮೀಟಿಂಗಲ್ಲಿ ಹೆಂಗಸರು ಮಾತಾಡ್ಕೋತಾರೆ. ಅದಕ್ಕೂ ಈ ನೀರಿಗೂ ಸಂಬಂಧ ಇದೆಯಾ? ಹಳೇ ಬ್ಯಾಗುಗಳನ್ನ ಹಳ್ಳಕ್ಕೆ ಅಡ್ಡ ಕಟ್ಟಿದರೆ ಏನಾದರೂ ಪ್ರಯೋಜನ ಆಗ್ತದಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ನಾನು ಓದಿರೋದು ಪಿಯುಸಿವರೆಗೆ, ಆದರೆ ನಿಧಾನವಾಗಿ ಹೇಳಿದರೆ ಅರ್ಥ ಮಾಡ್ಕೋತೀನಿ.

ಸರಸ್ವತಿಪುರಂ

ನಿಮ್ಮ ಮಗಳು ಹೇಳಿದ್ದು ಸರಿಯಾಗಿದೆ. ನಾನು ಕೆಲಸದಲ್ಲಿದ್ದ ಕಾಲವೆಲ್ಲ ಎಂಜೈಮುಗಳ ಜೊತೆಯಲ್ಲೇ ಕಳೆದವಳು, ಈಗ ನಿವೃತ್ತಿಯಾಗಿ ಮೈಸೂರಿನಲ್ಲಿದ್ದೇನೆ. ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಭತ್ತದ ಹುಲ್ಲಿಗೆ ಗಡಸುತನ ಕೊಡುವುದು ಲಿಗ್ನಿನ್. ಅದನ್ನು ಅರಗಿಸುವ ಜೀವಿಗಳು ಬಹಳ ಕಡಿಮೆ. ಚಿಪ್ಪಣಬೆ ಅವುಗಳಲ್ಲಿ ಒಂದು. ಹುಲ್ಲನ್ನು ನುಂಗಲು ಅದಕ್ಕೆ ಬಾಯಿಲ್ಲವಲ್ಲ, ಹಾಗಾಗಿ ಬಿಳಿ ಎಳೆಗಳಿಂದ ಎಂಜೈಮನ್ನು ಹೊರಗೆ ಸುರಿಸಿ, ಹೊರಗೇ ಅರಗಿಸಿ, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಲ್ಯಾಕೇಸ್, ಮ್ಯಾಂಗನೀಸ್ ಪೆರಾಕ್ಸಿಡೇಸ್ ಇವೆಲ್ಲ ಆ ಗುಂಪಿನವು. ಲಿಗ್ನಿನ್ ಅಂದರೆ ಫಿನಾಲ್ ಉಂಗುರಗಳು (ಆರು ಇಂಗಾಲದ ಪರಮಾಣುಗಳ ಉಂಗುರ, ಅದಕ್ಕೆ ಆಮ್ಲಜನಕ, ಜಲಜನಕದ ಒಂದು ಜೋಡಿ ಅಂಟಿರುತ್ತದೆ) ಅಡ್ಡಾದಿಡ್ಡಿ ಹೆಣೆದುಕೊಂಡ ದೊಡ್ಡ ಗಂಟು. ಎರಡು ಕಡೆ ಒಂದೇ ತರಹ ಇರದ ಆ ಗಂಟನ್ನು ಬಿಡಿಸಬೇಕಾದ ಎಂಜೈಮು ಬೀಗಕ್ಕೊಂದೇ ಕೀಲಿ ಅನ್ನುವ ಹಾಗೆ ಇದ್ದರೆ ನಡೆಯುವುದಿಲ್ಲ. ಅದು ಎಂಥ ಫಿನಾಲ್ ಸಿಕ್ಕಿದರೂ ಹಿಡಿಯುವಂತಿರಬೇಕು. ನಮಗೆ ಉಪಯೋಗಕ್ಕೆ ಬರುವುದು ಅದರ ಈ ಗುಣ.

ಈಗ ವಿಷದ ಕಡೆ ನೋಡಿ. ಈಸ್ಟ್ರೋಜನ್ ಹಾರ್ಮೋನಿನ ಒಂದು ತುದಿಯಲ್ಲಿ ಫಿನಾಲ್ ಉಂಗುರ ಇದೆ. ಜೀವಕೋಶದೊಳಗೆ ಈ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಗುರುತಿಸುವುದು ಮುಖ್ಯವಾಗಿ ಆ ತುದಿಯನ್ನೇ. ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ಬಳಸುವ ಬಿಸ್ಫಿನಾಲ್ ಎ, ಕೆಲವು ಡಿಟರ್ಜೆಂಟುಗಳು ಒಡೆದು ಉಳಿಯುವ ನೋನೈಲ್‌ಫಿನಾಲ್ ಇವುಗಳಲ್ಲೂ ಅಂಥದೇ ಉಂಗುರ ಇರುವುದರಿಂದ ರಿಸೆಪ್ಟರ್ ಮೋಸಹೋಗುತ್ತದೆ. ಬಿಸ್ಫಿನಾಲ್ ಎ ಈಸ್ಟ್ರೋಜನ್ನಿನಂತೆ ವರ್ತಿಸುತ್ತದೆಂದು ಚಾರ್ಲ್ಸ್ ಡಾಡ್ಸ್ ತೋರಿಸಿದ್ದು 1936ರಲ್ಲಿ. ಅಷ್ಟು ಹಿಂದೆಯೇ ಗೊತ್ತಿದ್ದ ವಸ್ತುವಿನಿಂದ ಆಮೇಲೆ ಮಕ್ಕಳ ಹಾಲಿನ ಬಾಟಲಿ ಮಾಡಿದರು ಅಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಯಾವ ಫಿನಾಲ್ ಭಾಗದಿಂದ ಆ ಕೆಮಿಕಲ್ ಹಾರ್ಮೋನಿನ ವೇಷ ಹಾಕುತ್ತದೋ, ಲ್ಯಾಕೇಸ್ ಅದನ್ನು ಹಿಡಿಯುವುದೂ ಅದೇ ಭಾಗದಲ್ಲಿ. ಈ ಎಂಜೈಮಿನೊಳಗೆ ನಾಲ್ಕು ತಾಮ್ರದ ಪರಮಾಣುಗಳಿವೆ. ಒಂದು ತಾಮ್ರ ಫಿನಾಲಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಉಳಿದ ಮೂರು ಸೇರಿ ಅದನ್ನು ಗಾಳಿಯ ಆಮ್ಲಜನಕಕ್ಕೆ ಕೊಟ್ಟು ನೀರು ಮಾಡುತ್ತವೆ. ಬೇರೆ ಯಾವ ರಾಸಾಯನಿಕವೂ ಬೇಕಿಲ್ಲ, ಗಾಳಿ ಸಾಕು. ಎಲೆಕ್ಟ್ರಾನ್ ಕಳೆದುಕೊಂಡ ಬಿಸ್ಫಿನಾಲ್ ಸುಮ್ಮನಿರಲಾರದೆ ಪಕ್ಕದಲ್ಲಿರುವ ಇನ್ನೊಂದನ್ನು ಅಪ್ಪಿಕೊಳ್ಳುತ್ತದೆ, ಆ ಜೋಡಿ ಮತ್ತೊಂದನ್ನು. ಹೀಗೆ ದೊಡ್ಡ ಸರಪಳಿಗಳಾಗಿ, ನೀರಿನಲ್ಲಿ ಕರಗದೆ ತಳಕ್ಕೆ ಇಳಿಯುತ್ತವೆ ಅಥವಾ ಹುಲ್ಲಿಗೇ ಅಂಟಿಕೊಳ್ಳುತ್ತವೆ. ಅಂದರೆ ಲ್ಯಾಕೇಸ್ ಮುರಿಯುವುದಕ್ಕಿಂತ ಹೆಚ್ಚಾಗಿ ಪೋಣಿಸುತ್ತದೆ. ಅಷ್ಟು ದೊಡ್ಡದಾದ ಮೇಲೆ ಅದು ರಿಸೆಪ್ಟರಿನೊಳಗೆ ಕೂರುವುದಿಲ್ಲ.

ಇದು ನಿನ್ನೆ ಮೊನ್ನೆಯ ಸಂಗತಿಯಲ್ಲ. ಜಪಾನಿನ ಮೆರುಗು ಮರದ ಹಾಲು ಗಾಳಿಗೆ ಗಟ್ಟಿಯಾಗುವುದರ ಹಿಂದೆ ಇಂಥ ಎಂಜೈಮ್ ಇದೆಯೆಂದು ಯೋಶಿದಾ ವಿವರಿಸಿದ್ದು 1883ರಲ್ಲಿ. ಅಣಬೆಗಳಲ್ಲಿ ಅದು ಸಿಕ್ಕಿದ್ದು 1896ರ ಸುಮಾರಿಗೆ. ಜೀನ್ಸ್ ಪ್ಯಾಂಟಿನ ನೀಲಿ ಮಂಕಾಗಿಸಲು 1990ರ ದಶಕದಿಂದ ಕಾರ್ಖಾನೆಗಳಲ್ಲಿ ಬಳಸುತ್ತಿದ್ದಾರೆ. ಪ್ಯಾಂಟಿಗೆ ಬಂದ ಎಂಜೈಮ್ ಚರಂಡಿಗೆ ಇನ್ನೂ ಸರಿಯಾಗಿ ಬಂದಿಲ್ಲ, ನನ್ನ ಸಂಕಟ ಅದು.

ಹಾರ್ಮೋನ್ ಎಷ್ಟು ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಕನ್ನಂಬಾಡಿ ತುಂಬಿದಾಗ 49.45 ಟಿಎಂಸಿ ನೀರು. ಅಷ್ಟು ನೀರಿಗೆ ಸುಮಾರು 1 ಕೆ.ಜಿ. 400 ಗ್ರಾಂ ವಸ್ತು ಕರಗಿಸಿದರೆ ಲೀಟರಿಗೆ 1 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು, ಆಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಇಟ್ಟ ಒಂದು ಕೆರೆಗೆ 2001ರಿಂದ 2003ರವರೆಗೆ ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜನ್ನನ್ನು ಲೀಟರಿಗೆ 5-6 ನ್ಯಾನೋಗ್ರಾಂ ಇರುವಂತೆ ಬೆರೆಸಿ ನೋಡಿದರು. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಹಳದಿಯ ಪ್ರೋಟೀನ್ ಹುಟ್ಟಿತು, ಅಲ್ಲಿದ್ದ ಒಂದು ಜಾತಿಯ ಸಣ್ಣ ಮೀನು ಹೆಚ್ಚುಕಡಿಮೆ ನಿರ್ನಾಮವೇ ಆಯಿತು. ಬೆರೆಸುವುದು ನಿಂತ ಮೇಲೆ ಕೆಲವು ವರ್ಷಕ್ಕೆ ಚೇತರಿಸಿಕೊಂಡಿತು.

ಹೆಣ್ಣುಮಕ್ಕಳ ವಿಷಯ. ಅದನ್ನು ಹಳ್ಳದ ನೀರಿನ ತಲೆಗೆ ಕಟ್ಟಲು ಆಗುವುದಿಲ್ಲ. ಊಟ, ಮೈತೂಕ, ಮನೆತನ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಎಂಟು ವರ್ಷ ತುಂಬುವ ಮೊದಲೇ ಎದೆ ಬೆಳವಣಿಗೆ ಕಂಡರೆ ಮಗುವನ್ನು ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು. ಸಂಘದ ಮೀಟಿಂಗಿನಲ್ಲಿ ಇದನ್ನು ಖಂಡಿತ ಹೇಳಿ.

ಇನ್ನು ಬ್ಯಾಗು. ಹಳ್ಳಕ್ಕೆ ಅಡ್ಡ ಕಟ್ಟಬೇಡಿ. ಮುಳುಗಿದ ಹುಲ್ಲಿಗೆ ಗಾಳಿ ಸಿಗದೆ ಅಣಬೆ ಎಳೆ ಸಾಯುತ್ತದೆ, ಹುಲ್ಲು ಕೊಳೆತು ನೀರಿನಲ್ಲಿದ್ದ ಆಮ್ಲಜನಕವನ್ನೂ ತಿಂದುಬಿಡುತ್ತದೆ, ಕೆರೆಯ ಮೀನು ತೇಲುತ್ತವೆ. ಮೊದಲು ಇದೊಂದು ಹೇಳಿ: ಹುಲ್ಲು ನೆನೆಸುವಾಗ ಏನು ಹಾಕುತ್ತೀರಿ?

ರೇಷ್ಮೆಹುಳ (ಮಳವಳ್ಳಿ)

ಮೇಡಂ ಹೇಳಿದ ನ್ಯಾನೋಗ್ರಾಂ ಲೆಕ್ಕ ನಂಬೋಕೆ ಯಾರಿಗಾದ್ರೂ ಕಷ್ಟ ಆದ್ರೆ ರೇಷ್ಮೆ ಸಾಕೋರನ್ನ ಕೇಳಿ. ಪಕ್ಕದ ತೋಟದೋರು ಹೊಡೆದ ಔಷಧಿ ಗಾಳಿಗೆ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ್ರೆ ಸಾಕು, ಕಣ್ಣಿಗೆ ಏನೂ ಕಾಣಲ್ಲ, ಬೆಳೆ ಹೋಯ್ತು. ಇಟಲಿಯಲ್ಲಿ ಹಣ್ಣಿನ ತೋಟಕ್ಕೆ ಹೊಡೀತಿದ್ದ ಫೆನಾಕ್ಸಿಕಾರ್ಬ್ ಅನ್ನೋ ಔಷಧಿ ಕೀಟದ ಹಾರ್ಮೋನಿನ ಹಾಗೆ ಕೆಲಸ ಮಾಡಿ, ಹುಳು ಹಣ್ಣಾಗದೆ, ಗೂಡು ಕಟ್ಟದೆ ಸುಮ್ನೆ ತಿಂತಾನೇ ಇದ್ವಂತೆ. ನಮಗೆ ಟ್ರೈನಿಂಗಲ್ಲಿ ಹೇಳಿದ್ರು.

ಒಂದು ಡೌಟು. ಆ ಎಂಜೈಮಲ್ಲಿ ತಾಮ್ರ ಇದೆ ಅಂದ್ರಲ್ಲ, ಹಂಗಾದ್ರೆ ಹುಲ್ಲಿಗೆ ಸ್ವಲ್ಪ ಮೈಲುತುತ್ತ ಹಾಕಿದ್ರೆ ಜಾಸ್ತಿ ಬಿಡ್ತದಾ?

ಸರಸ್ವತಿಪುರಂ

ರೇಷ್ಮೆಯವರೇ, ನಿಮ್ಮ ಊಹೆ ಸರಿ. ಲ್ಯಾಬಿನಲ್ಲಿ ಅಣಬೆಗೆ ಅತಿ ಸಣ್ಣ ಪ್ರಮಾಣದಲ್ಲಿ ತಾಮ್ರ ಕೊಟ್ಟರೆ ಲ್ಯಾಕೇಸ್ ಹೆಚ್ಚುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಅದು ಮುಚ್ಚಿದ ಫ್ಲಾಸ್ಕಿನೊಳಗಿನ ಕೆಲಸ. ಕೆರೆಗೆ ಹರಿಯುವ ನೀರಿನ ದಾರಿಯಲ್ಲಿ ಮೈಲುತುತ್ತ ಬೇಡವೇ ಬೇಡ, ಮೀನಿಗೆ ಅದು ನೇರ ವಿಷ.

ಪ್ಲಾಂಟ್ ಆಪರೇಟರ್ (ಮೈಸೂರು)

ನಾನು ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಶಿಫ್ಟ್ ಕೆಲಸ ಮಾಡೋನು. ಅಕ್ಕನ ಪ್ರಶ್ನೆ ನೋಡಿ ಖುಷಿ ಆಯ್ತು, ಯಾಕಂದ್ರೆ ನಮ್ಮಲ್ಲಿ ಯಾರೂ ಇದನ್ನ ಕೇಳಲ್ಲ. ನಾವು ನೋಡೋದು ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನೋ ಅಳತೆ), ಬಿಒಡಿ, ಸಿಒಡಿ (ನೀರಲ್ಲಿರೋ ಕೊಳೆ ಎಷ್ಟು ಆಮ್ಲಜನಕ ತಿನ್ನುತ್ತೆ ಅನ್ನೋ ಲೆಕ್ಕಗಳು), ತೇಲೋ ಕಸ, ಇಷ್ಟೇ. ಹಾರ್ಮೋನು ಅಂತ ಒಂದು ಕಾಲಂ ನಮ್ಮ ರಿಜಿಸ್ಟರಲ್ಲಿ ಇಲ್ಲ. ನೀರು ತಿಳಿಯಾಗಿ ಹೊರಗೆ ಬಂದ್ರೆ ಪಾಸು.

ಗಾಳಿ ಊದೋ ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಮನುಷ್ಯರ ಮೈಯಿಂದ ಬರೋ ಈಸ್ಟ್ರೋಜನ್ನಲ್ಲಿ ಬಹುಪಾಲು ತಿನ್ನುತ್ತೆ. ಗುಳಿಗೆಯ ಈಸ್ಟ್ರೋಜನ್ ಅಷ್ಟು ಸುಲಭಕ್ಕೆ ಹೋಗಲ್ಲ. ಇನ್ನೊಂದು ವಿಚಿತ್ರ ಇದೆ. ಮೂತ್ರದಲ್ಲಿ ಹಾರ್ಮೋನು ಸಕ್ಕರೆ ತರಹದ ಒಂದು ಭಾಗಕ್ಕೆ ಅಂಟಿಕೊಂಡು, ಕೆಲಸ ಮಾಡದ ಸ್ಥಿತಿಯಲ್ಲಿ ಹೊರಗೆ ಬರುತ್ತೆ. ಚರಂಡಿಯ ಬ್ಯಾಕ್ಟೀರಿಯಾ ಆ ಭಾಗನ ಕತ್ತರಿಸಿ ಹಾರ್ಮೋನನ್ನ ಮತ್ತೆ ಎಬ್ಬಿಸಿಬಿಡುತ್ತೆ. ಅಕ್ಕನ ಊರಿನ ಹಳ್ಳದಲ್ಲಿ ಇದು ದಾರಿ ಉದ್ದಕ್ಕೂ ನಡೀತಾ ಇರುತ್ತೆ.

ಸ್ಪೇನಿನ ಬಾರ್ಸಿಲೋನಾದಲ್ಲಿ ಆಸ್ಪತ್ರೆ ನೀರನ್ನ ಟ್ರಾಮಿಟೀಸ್ ವರ್ಸಿಕಲರ್ ಅನ್ನೋ ಮರದ ಅಣಬೆ ಹಾಕಿದ ರಿಯಾಕ್ಟರಲ್ಲಿ ಹರಿಸಿ ಔಷಧಿ ಉಳಿಕೆ ತೆಗೆದಿದ್ದಾರೆ. ಅವರಿಗೆ ದೊಡ್ಡ ಕಾಟ ಅಂದ್ರೆ ಬ್ಯಾಕ್ಟೀರಿಯಾ. ಹಸಿ ಕೊಳಚೆ ಬಿಟ್ರೆ ಅವು ಅಣಬೆನ ಮೀರಿಸಿ ಬೆಳೀತವೆ. ಹಾಗಾಗಿ ಹಳೇ ಅಣಬೆ ಸ್ವಲ್ಪ ತೆಗೆದು ಹೊಸದು ಸೇರಿಸ್ತಾ ಇರಬೇಕು. ಪಿಎಚ್ ಕೂಡ ಒಂದು ಸಮಸ್ಯೆ. ಲ್ಯಾಕೇಸಿಗೆ 4ರಿಂದ 6 ಹಿತ, ನಮ್ಮ ಕಡೆ ಚರಂಡಿ ನೀರು ಸೋಪಿನ ದೆಸೆಯಿಂದ 7ರ ಮೇಲೇ ಇರುತ್ತೆ. ಕೆಲಸ ನಿಲ್ಲಲ್ಲ, ನಿಧಾನ ಆಗುತ್ತೆ ಅಷ್ಟೇ. ನನ್ನ ಅಭಿಪ್ರಾಯ, ಹಳ್ಳದ ಗೊಡವೆ ಬಿಟ್ಟು ಬಚ್ಚಲ ನೀರಿಂದ ಶುರು ಮಾಡಿ. ಹಳ್ಳ ಪಂಚಾಯ್ತಿ ಕೆಲಸ, ಅದಕ್ಕೆ ಗ್ರಾಮಸಭೆಯಲ್ಲಿ ಗಲಾಟೆ ಮಾಡಿ.

ಹುಲ್ಲುಮೆದೆ (ಮಂಡ್ಯ ಜಿಲ್ಲೆ)

ಎಲ್ಲರಿಗೂ ಕೈ ಮುಗೀತೀನಿ. ಮೇಡಂ, ನೀವು ಬರೆದಿದ್ದನ್ನ ಮಗಳಿಗೆ ಫೋನಲ್ಲಿ ಓದಿ ಹೇಳಿದೆ. "ಪೋಣಿಸ್ತದೆ ಅನ್ನೋದನ್ನ ನಮಗೆ ಕ್ಲಾಸಲ್ಲಿ ಹೇಳೇ ಇಲ್ಲ" ಅಂದ್ಲು.

ಹುಲ್ಲಿಗೆ ನಾವು ಏನೂ ಹಾಕಲ್ಲ, ಹಂಡೆಯಲ್ಲಿ ಬಿಸಿನೀರಲ್ಲೇ ಬೇಯಿಸಿ ಬಸಿದು ತುಂಬ್ತೀವಿ. ಪಕ್ಕದೂರಿನೋರು ಬೂಷ್ಟು ಬರದಿರಲಿ ಅಂತ ಕಾರ್ಬೆಂಡಜಿಮ್ಮೂ ಫಾರ್ಮಲಿನ್ನೂ ಬೆರೆಸಿದ ನೀರಲ್ಲಿ ರಾತ್ರಿಯೆಲ್ಲ ನೆನೆಸ್ತಾರೆ. ಅದಕ್ಕೇ ಕೇಳಿದ್ರಾ?

ಬಚ್ಚಲ ನೀರು ಅಂದ್ರೆ ಮಾಡಬಹುದು. ನಮ್ಮನೆ ಬಚ್ಚಲು, ಬಟ್ಟೆ ಒಗೆಯೋ ಕಲ್ಲು, ಕೊಟ್ಟಿಗೆ ತೊಳೆದ ನೀರು ಎಲ್ಲ ಒಂದೇ ಕಡೆ ಹರಿದು ಹಳ್ಳಕ್ಕೆ ಸೇರ್ತದೆ. ಗದ್ದೆಗೆ ಹೊಡೆಯೋ ಕಳೆನಾಶಕಾನೂ ಇದರಿಂದ ಹೋಗ್ತದಾ? ನಮ್ಮೋರು ಕಬ್ಬಿಗೆ ಅಟ್ರಜಿನ್ ಹೊಡೀತಾರೆ. ಪ್ಲಾಸ್ಟಿಕ್ಕಿನ ಬೇರೆ ವಿಷಗಳೂ ಇವೆಯಂತಲ್ಲ, ಅವು?

ಸರಸ್ವತಿಪುರಂ

ಹೌದು, ಅದಕ್ಕೇ ಕೇಳಿದ್ದು. ಕಾರ್ಬೆಂಡಜಿಮ್ ಗಂಡು ಇಲಿಗಳ ವೃಷಣಕ್ಕೆ ಹಾನಿ ಮಾಡುವುದು ಪ್ರಯೋಗಗಳಲ್ಲಿ ಕಂಡಿದೆ. ಅದರಲ್ಲಿ ನೆನೆದ ಹುಲ್ಲಿನಿಂದ ನೀರು ಸೋಸುವುದಂತೂ ಆಗದ ಮಾತು. ನೀವು ಬಿಸಿನೀರಿನಲ್ಲಿ ಬೇಯಿಸುತ್ತೀರಿ ಅಂತ ಓದಿ ಮನಸ್ಸು ನಿರಾಳವಾಯಿತು. ಪಕ್ಕದೂರಿನವರಿಗೂ ಕಲಿಸಿಕೊಡಿ, ಅವರ ಅಣಬೆ ತಿನ್ನುವವರಿಗೂ ಒಳ್ಳೆಯದು.

ಕೊಟ್ಟಿಗೆ ನೀರನ್ನು ಸೇರಿಸಿದ್ದು ಒಳ್ಳೆಯದಾಯಿತು. ಹಸುವಿನ ಸಗಣಿ ಗಂಜಳದಲ್ಲೂ ಈಸ್ಟ್ರೋಜನ್ ಇರುತ್ತದೆ, ಗಬ್ಬದ ಹಸುವಾದರೆ ಇನ್ನೂ ಹೆಚ್ಚು. ಅದರಲ್ಲೂ ಫಿನಾಲ್ ಉಂಗುರ ಇದೆ, ಲ್ಯಾಕೇಸಿಗೆ ಸಿಗುತ್ತದೆ.

ಅಟ್ರಜಿನ್ ಸಿಗುವುದಿಲ್ಲ. ಅದರಲ್ಲಿ ಫಿನಾಲ್ ಇಲ್ಲ. ಚಿಪ್ಪಣಬೆಯ ಹತ್ತಿರದ ಒಂದು ಜಾತಿ ಬೇರೆ ಎಂಜೈಮುಗಳಿಂದ ಅಟ್ರಜಿನ್ನಿನ ಪಕ್ಕದ ಕೊಂಬೆಗಳನ್ನು ಕತ್ತರಿಸುವುದು ನಿಜ. ಆದರೆ ಅವು ಎಳೆಯ ಒಳಗೇ ಇರುವ ಎಂಜೈಮುಗಳು, ಎಳೆ ಜೀವಂತವಾಗಿರಬೇಕು, ಮೇಲಾಗಿ ನಡುವಿನ ಉಂಗುರ ಹಾಗೇ ಉಳಿಯುತ್ತದೆ. ಅದನ್ನು ಹೊಲದಲ್ಲೇ ಕಡಿಮೆ ಮಾಡಬೇಕು, ಬೇರೆ ದಾರಿಯಿಲ್ಲ. ಪಿವಿಸಿ ಮೆತ್ತಗಾಗಲು ಬೆರೆಸುವ ಥಾಲೇಟುಗಳೂ ಲ್ಯಾಕೇಸಿಗೆ ಜಗ್ಗುವುದಿಲ್ಲ. ಅವುಗಳ ಕೊಂಡಿಯನ್ನು ಕಡಿಯುವುದು ಕ್ಯುಟಿನೇಸ್ ಅನ್ನುವ ಇನ್ನೊಂದು ಎಂಜೈಮ್, ಫ್ಯುಸೇರಿಯಂ ಅನ್ನುವ ಶಿಲೀಂಧ್ರದಲ್ಲಿ ಸಿಗುತ್ತದೆ. ಎಂಜೈಮನ್ನು ಬೇರ್ಪಡಿಸಿ ಬಳಸುವುದು ಕಾರ್ಖಾನೆಯವರ ಕೆಲಸ. ಯಾರಾದರೂ ಆ ಶಿಲೀಂಧ್ರವನ್ನೇ ತಂದು ಹೊಲದ ಹತ್ತಿರ ಬಿಡುತ್ತೇವೆ ಅಂದರೆ ಒಪ್ಪಬೇಡಿ. ನಂಜನಗೂಡಿನ ರಸಬಾಳೆಯನ್ನು ಮೂಲೆಗೆ ತಳ್ಳಿದ ಸೊರಗು ರೋಗ ಫ್ಯುಸೇರಿಯಮ್ಮಿನ ಒಂದು ಬಗೆಯಿಂದಲೇ ಬಂದದ್ದು.

ನಿಮ್ಮ ಬಚ್ಚಲಿಗೆ ಹೀಗೆ ಮಾಡಿ. ನೀರು ಮೊದಲು ಒಂದು ಗುಂಡಿಯಲ್ಲಿ ನಿಂತು ಜಿಡ್ಡು, ಸಗಣಿ, ಕೆಸರು ತಳಕ್ಕೆ ಇಳಿಯಲಿ. ತಿಳಿ ನೀರು ತಳದಲ್ಲಿ ತೂತು ಹೊಡೆದ ಡ್ರಮ್ಮಿಗೆ ಮೇಲಿನಿಂದ ತೊಟ್ಟು ತೊಟ್ಟಾಗಿ ಬೀಳಲಿ. ಡ್ರಮ್ಮಿನಲ್ಲಿ ಕವರು ಬಿಚ್ಚಿದ ಹುಲ್ಲನ್ನು ಸಡಿಲವಾಗಿ ತುಂಬಿ, ಅದುಮಬೇಡಿ, ಪಕ್ಕಗಳಲ್ಲೂ ಗಾಳಿಗೆ ತೂತುಗಳಿರಲಿ. ಹುಲ್ಲು ಯಾವಾಗಲೂ ಹಸಿಯಾಗಿರಬೇಕು, ಮುಳುಗಬಾರದು. ಲ್ಯಾಕೇಸ್ ತುಂಬ ಇರುವುದು ಎಳೆ ಹುಲ್ಲೆಲ್ಲ ಹಬ್ಬುವ ಹೊತ್ತಿನಲ್ಲಿ, ಅಣಬೆ ಮೂಡತೊಡಗಿದ ಮೇಲೆ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಕೊನೆಯ ಕೊಯ್ಲಿನ ಆಸೆ ಬಿಟ್ಟು, ಬ್ಯಾಗು ಇನ್ನೂ ಬೆಳ್ಳಗಿರುವಾಗಲೇ ಡ್ರಮ್ಮಿಗೆ ಹಾಕಿ. ಹಸಿರು ಬೂಷ್ಟು ಹಿಡಿದದ್ದು ಬೇಡ. ಶುರುವಿನಲ್ಲಿ ಟೀ ಬಣ್ಣದ ನೀರು ಇಳಿಯುತ್ತದೆ, ಅದು ಹುಲ್ಲಿನದು, ಅದನ್ನು ಹಳ್ಳಕ್ಕೆ ಬಿಡದೆ ಮಣ್ಣಿಗೆ ಇಂಗಿಸಿ. ಡ್ರಮ್ಮಿನಲ್ಲಿ ಮತ್ತೆ ಅಣಬೆ ಮೂಡಬಹುದು. ಎಷ್ಟೇ ಚೆನ್ನಾಗಿ ಕಂಡರೂ ಕಿತ್ತು ಹೂತುಬಿಡಿ. ಚಿಪ್ಪಣಬೆ ನೀರಿನಲ್ಲಿರುವ ಕ್ಯಾಡ್ಮಿಯಂನಂಥ ಲೋಹಗಳನ್ನು ಮೈಗೆ ಎಳೆದುಕೊಳ್ಳುತ್ತದೆ.

ಇದರಿಂದ ಬಂದ ನೀರು ಕುಡಿಯಲು, ಸೊಪ್ಪು ತರಕಾರಿಗೆ ಬೇಡ. ಮನೆಯಿಂದ ಹಳ್ಳಕ್ಕೆ ಹೋಗುವ ವಿಷವನ್ನು ಕಡಿಮೆ ಮಾಡುವುದಷ್ಟೇ ಇದರ ಕೆಲಸ, ಆ ಕೆಲಸ ಚಿಕ್ಕದಲ್ಲ.

ಮಗಳಿಗೆ ಒಂದು ಮಾತು. ಎರಡು ಡ್ರಮ್ ಇಡಲು ಹೇಳಿ. ಒಂದಕ್ಕೆ ಜೀವಂತ ಹುಲ್ಲು, ಇನ್ನೊಂದಕ್ಕೆ ಅದೇ ಬ್ಯಾಗಿನ ಹುಲ್ಲನ್ನು ಆಟೋಕ್ಲೇವ್ ಮಾಡಿ (ಲ್ಯಾಬಿನ ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿ ಬೇಯಿಸಿ) ಎಂಜೈಮ್ ಸಾಯಿಸಿ ಹಾಕಲಿ. ಬಿಸ್ಫಿನಾಲ್ ಹುಲ್ಲಿಗೆ ಸುಮ್ಮನೆ ಅಂಟಿಕೊಳ್ಳುವುದೂ ಉಂಟು, ಸತ್ತ ಹುಲ್ಲಿನ ಡ್ರಮ್ ಇಲ್ಲದಿದ್ದರೆ ಅಂಟಿದ್ದೆಷ್ಟು, ಎಂಜೈಮ್ ತೆಗೆದದ್ದೆಷ್ಟು ಗೊತ್ತಾಗುವುದಿಲ್ಲ. ಲ್ಯಾಕೇಸ್ ಇದೆಯೇ ಅಂತ ನೋಡಲು ಎಬಿಟಿಎಸ್ ಅನ್ನುವ, ಲ್ಯಾಕೇಸ್ ತಾಗಿದರೆ ಬಣ್ಣ ಬರುವ ರಾಸಾಯನಿಕ ಬಳಸಿ 420 ನ್ಯಾನೋಮೀಟರಿನ ಬೆಳಕಿನಲ್ಲಿ ಅಳೆಯಲಿ, ಹಸಿರು ನೀಲಿ ಬಣ್ಣ ಬರುತ್ತದೆ. ಸಾಧ್ಯವಾದರೆ ಯೀಸ್ಟ್ ಬಳಸಿ ಈಸ್ಟ್ರೋಜನ್ ಚಟುವಟಿಕೆ ಅಳೆಯುವ ಪರೀಕ್ಷೆಯನ್ನೂ ಮಾಡಲಿ, ಯಾಕೆಂದರೆ ಬಿಸ್ಫಿನಾಲ್ ಕಾಣೆಯಾದ ಮಾತ್ರಕ್ಕೆ ಹಾರ್ಮೋನ್ ಗುಣ ಹೋಯಿತು ಅನ್ನಲಾಗದು.

ರೇಷ್ಮೆಹುಳ (ಮಳವಳ್ಳಿ)

ಡ್ರಮ್ಮಿಂದ ತೆಗೆದ ಹುಲ್ಲನ್ನ ಆಮೇಲೆ ಏನು ಮಾಡೋದು ಮೇಡಂ? ದನ ತಿನ್ನುತ್ತಾ? ಹಿಪ್ಪುನೇರಳೆ ಸಾಲಿಗೆ ಹೊದಿಕೆ ಹಾಕಬಹುದಾ?

ಸರಸ್ವತಿಪುರಂ

ದನಕ್ಕೆ ಬೇಡ, ಹಿಪ್ಪುನೇರಳೆಗೂ ಬೇಡ. ಪೋಣಿಸಿಕೊಂಡ ವಿಷ ಹುಲ್ಲಿನಲ್ಲೇ ಉಳಿದಿರುತ್ತದೆ, ಚರಂಡಿಯ ಕ್ರಿಮಿಗಳೂ ಇರುತ್ತವೆ. ಕೈಗೆ ಗ್ಲೌಸು ಹಾಕಿಕೊಂಡೇ ತೆಗೆಯಿರಿ. ಬೇರೆಯಾಗಿ ಒಂದು ಗುಂಡಿ ತೋಡಿ, ಮೇಲೆ ಮಣ್ಣು ಮುಚ್ಚಿ ಚೆನ್ನಾಗಿ ಕೊಳೆಯಲು ಬಿಡಿ. ಆಮೇಲೆ ಬದುವಿನ ಮೇಲಿನ ಹೊಂಗೆ, ಸಿಲ್ವರ್ ಓಕ್ ಬುಡಕ್ಕೆ ಹಾಕಬಹುದು.

ಹುಲ್ಲುಮೆದೆ (ಮಂಡ್ಯ ಜಿಲ್ಲೆ)

ಆಯ್ತು ಮೇಡಂ. ಹಳೇ ನೀಲಿ ಡ್ರಮ್ಮು ಎರಡಿವೆ, ತೂತು ಹೊಡೆಸ್ತೀನಿ. ಆಟೋಕ್ಲೇವ್ ಮಾಡೋಕೆ ಹುಲ್ಲನ್ನ ಮಗಳು ಭಾನುವಾರ ಚೀಲದಲ್ಲಿ ಮೈಸೂರಿಗೆ ತಗೊಂಡು ಹೋಗ್ತಾಳೆ. ಗ್ರಾಮಸಭೆ ನೋಟಿಸು ಬಂದ ದಿನ ಇಲ್ಲಿ ಹಾಕ್ತೀನಿ, ಆಪರೇಟರ್ ತಮ್ಮ, ಅವತ್ತು ಏನೇನು ಕೇಳಬೇಕು ಅಂತ ನೀವು ಬರೆದುಕೊಡಿ.